ಅತ್ತೆ ಕಂಡ ಮಯೋಗ್ಲೋಬಿನ್

ಕಾಟಪ್ಪ ಮೇಷ್ಟ್ರು ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಮೊದಲ ಪಾಲು ನೆಲಕ್ಕೆ ಹೋಗುತ್ತಿತ್ತು. ಬೋರ್ಡಿನ ಮೇಲೆ ಬರೆಯಲು ಹೋದರೆ ಸೀಮೆಸುಣ್ಣ ಒಮ್ಮೆ ಗಾಳಿಯಲ್ಲೇ ಅರ್ಧ ಅಕ್ಷರ ಬರೆಯುತ್ತಿತ್ತು, ಇನ್ನೊಮ್ಮೆ ಬೋರ್ಡಿಗೆ ಬಡಿದು ಎರಡು ತುಂಡಾಗುತ್ತಿತ್ತು. ಯಾರಾದರೂ ಏನನ್ನಾದರೂ ಎಸೆದು "ಹಿಡಿರಿ ಮೇಷ್ಟ್ರೇ" ಅಂದರೆ ಅದು ಅವರ ಎದೆಗೋ ಹಣೆಗೋ ಬಂದು ಬಡಿದ ಮೇಲೆ ಅವರ ಕೈ ಮೇಲೇಳುತ್ತಿತ್ತು. ಹೆಂಡತಿ ತಿಪ್ಪಮ್ಮ ಇದಕ್ಕೆಲ್ಲ ಒಂದೇ ಕಾರಣ ಹೇಳುತ್ತಿದ್ದಳು: "ಇವ್ರಿಗೆ ಮೈಮ್ಯಾಲೆ ಗ್ಯಾನ ಇಲ್ಲ."

ಮೇಷ್ಟ್ರು ಹಿರಿಯೂರು ಕಡೆಯ ಕುರಿಗಾರರ ಹಟ್ಟಿಯವರು. ಹೊರಕೆರೆದೇವಪುರದ ಆಚೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಅವರ ಮನೆತನದಲ್ಲಿ ಮೊದಲು ಶಾಲೆ ಮೆಟ್ಟಿಲು ಹತ್ತಿದವರು ಅವರೇ. ಅದೇನು ಅಪ್ಪನಿಗೆ ವಿದ್ಯೆಯ ಮೇಲೆ ಪ್ರೀತಿ ಉಕ್ಕಿ ಬಂದು ಆದದ್ದಲ್ಲ. ಹುಡುಗ ಕವಣೆ ಬೀಸಿದರೆ ಕಲ್ಲು ತೋಳದ ಕಡೆಗೆ ಹೋಗುವುದು ಬಿಟ್ಟು ತಮ್ಮದೇ ಟಗರಿನ ಬೆನ್ನಿಗೆ ಬೀಳುತ್ತಿತ್ತು. ಮೂರನೆಯ ಟಗರು ಕುಂಟಿದ ದಿನ ಅಪ್ಪ, "ಇವನು ಇಲ್ಲಿದ್ರೆ ತೋಳಕ್ಕೆ ಕೆಲಸಾನೇ ಇರಲ್ಲ, ಮೇಷ್ಟ್ರ ಹತ್ರ ಬಿಟ್ಟು ಬರ್ತೀನಿ" ಎಂದು ಕೈಹಿಡಿದು ಎಳೆದುಕೊಂಡು ಹೋದ. ಹಾಗೆ ಕಾಟಪ್ಪ ಬಿ.ಎಸ್ಸಿ., ಬಿ.ಎಡ್. ಆದರು.

ಎಪ್ಪತ್ತೈದನೆಯ ಇಸವಿಯ ಬೇಸಿಗೆಯಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆಂದು ಬೆಂಗಳೂರಿನಲ್ಲಿ ಒಂದು ತರಬೇತಿ ನಡೆಯಿತು. ಅದನ್ನು ನಡೆಸಿಕೊಟ್ಟವರು ಶಿವಕುಮಾರಪ್ಪ ಎಂಬ ಪ್ರೊಫೆಸರು. ಶಾಲೆ ಇದ್ದ ಹೊಳಲ್ಕೆರೆ ತಾಲ್ಲೂಕಿನ ಕಡೆಯವರೇ ಆದ್ದರಿಂದ ಕಾಟಪ್ಪನವರನ್ನು ಕಂಡರೆ ಅವರಿಗೆ ಸ್ವಲ್ಪ ಸಲಿಗೆ. ಪ್ರೊಫೆಸರು ಒಂದು ದಿನ ಪ್ರೋಟೀನಿನ ವಿಷಯ ಹೇಳಿದರು. ಮಾಂಸಖಂಡದೊಳಗೆ ಮಯೋಗ್ಲೋಬಿನ್ ಅಂತ ಒಂದು ಪ್ರೋಟೀನು ಇದೆ, ಮಾಂಸ ಕೆಂಪಗೆ ಕಾಣುವುದೇ ಅದರಿಂದ, ಅದು ಉದ್ದನೆಯ ಒಂದು ಸರಪಳಿ, ಅಲ್ಲಲ್ಲಿ ಸುರುಳಿ ಸುತ್ತಿಕೊಂಡು ಮಡಚಿಕೊಂಡು ಉಂಡೆಯಾಗಿ ಕುಳಿತಿದೆ, ನಡುವೆ ಹೀಮ್ ಅನ್ನುವ ಒಂದು ಬಿಲ್ಲೆ ಸಿಕ್ಕಿಕೊಂಡಿದೆ ಎಂದರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಹಂಚಿದರು.

ಹಾಳೆಯಲ್ಲಿ ಅಕ್ಕಪಕ್ಕ ಎರಡು ಚಿತ್ರ. ಎರಡೂ ಒಂದೇ ಥರ ಕಾಣುವ ಗೀಟುಗಳ ಸಿಕ್ಕು.

"ಇದನ್ನ ಮನುಷ್ಯರು ಬರೆದಿಲ್ಲ," ಅಂದರು ಪ್ರೊಫೆಸರು. "ಹೊರದೇಶದಲ್ಲಿ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಬರೆಸಿದ್ದು. ಒಂದು ಚಿತ್ರ ಎಡಗಣ್ಣಿಗೆ, ಒಂದು ಬಲಗಣ್ಣಿಗೆ. ಹಾಳೆಯ ಆಚೆಗೆ, ದೂರ ಎಲ್ಲೋ ನೋಡಿದ ಹಾಗೆ ನೋಡ್ತಾ ಇರಿ. ಎರಡೂ ಕೂಡಿಕೊಂಡು ನಡುವೆ ಒಂದು ಆಗ್ತದೆ. ಆಗ ಪ್ರೋಟೀನು ಹಾಳೆ ಬಿಟ್ಟು ಎದ್ದು ನಿಂತುಕೊಳ್ಳುತ್ತೆ, ಕೈಯಲ್ಲಿ ಹಿಡಿಯಬಹುದು ಅನ್ನೋ ಹಾಗೆ."

ಮೇಷ್ಟ್ರುಗಳೆಲ್ಲ ಹಾಳೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನಲ್ಲಿ ಒಬ್ಬರು "ಬಂತು ಬಂತು!" ಅಂದರು. ಅವರ ಪಕ್ಕದವರು "ಆಹಾ" ಅಂದರು. ಆ ಮೇಲೆ ಒಬ್ಬರಾದ ಮೇಲೊಬ್ಬರು "ಬಂತು" ಅನ್ನುತ್ತಾ ಹೋದರು, ಹಾಜರಿ ಕೂಗಿದ ಹಾಗೆ. ಸರದಿ ಹತ್ತಿರ ಬಂದಂತೆ ಕಾಟಪ್ಪನವರಿಗೆ ಬೆವರಿತು. ಅವರ ಕಣ್ಣಿಗೆ ಎರಡು ಸಿಕ್ಕು ಎರಡಾಗಿಯೇ ಕೂತಿದ್ದವು. ಕೊನೆಗೆ ಅವರೂ "ಬಂತು ಸಾರ್" ಅಂದುಬಿಟ್ಟರು. ಬರೀ ಅಷ್ಟಕ್ಕೆ ನಿಲ್ಲಿಸದೆ "ಬಹಳ ಚೆನ್ನಾಗಿ ಬಂತು" ಅಂತಲೂ ಸೇರಿಸಿದರು.

ಊರಿಗೆ ಬಂದ ಮೇಲೆ ಹೆಡ್‌ಮಾಸ್ಟರ್ ಓಬಯ್ಯನವರು ಹಾಳೆಯನ್ನು ತರಿಸಿಕೊಂಡರು. ಅವರಿಗೆ ಬೆಂಗಳೂರಿನಿಂದ ಬಂದದ್ದು ಏನೇ ಆದರೂ ಮೊದಲು ತಾವು ನೋಡಬೇಕು. ಕಿಟಕಿಯ ಬೆಳಕಿಗೆ ಹಿಡಿದು, ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿ, "ಕಂಡಿತು. ಬೊಂಬಾಟಾಗೈತೆ" ಎಂದು ತೀರ್ಪು ಕೊಟ್ಟರು. ಅವರು ನೋಡುವಾಗ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು ಎಂಬುದನ್ನು ಕಾಟಪ್ಪ ಗಮನಿಸಿದ್ದರು. ಆದರೆ ತಾವೇ ಬೆಂಗಳೂರಿನಲ್ಲಿ ಸುಳ್ಳು ಹೇಳಿ ಬಂದವರಾದ್ದರಿಂದ "ಹೌದು ಸಾರ್" ಅಂದರು.

"ಮೇಷ್ಟ್ರೇ, ದುರ್ಗದಲ್ಲಿ ವಸ್ತುಪ್ರದರ್ಶನ ಆಗ್ತೈತಲ್ಲ, ಮೇಷ್ಟ್ರುಗಳ ವಿಭಾಗಕ್ಕೆ ಇದನ್ನೇ ಮಾಡ್ರಿ," ಅಂದರು ಓಬಯ್ಯ. "ತಂತಿಯಲ್ಲಿ ಮಾಡ್ರಿ, ದೊಡ್ಡದಾಗಿ. ಎಲ್ಲಾರೂ ಜ್ವಾಲಾಮುಖಿ ತರ್ತಾರೆ, ನಮ್ದು ಪ್ರೋಟೀನು ಹೋಗ್ಲಿ."

ಈಗ ಕಾಟಪ್ಪನವರು ಸಿಕ್ಕಿಬಿದ್ದರು. ಕಾಣದೇ ಇರುವುದನ್ನು ತಂತಿಯಲ್ಲಿ ಬಗ್ಗಿಸುವುದು ಹೇಗೆ? ಮನೆಯಲ್ಲಿ ಹಾಳೆಯನ್ನು ಕಂಬಕ್ಕೆ ಅಂಟಿಸಿ ನೋಡಿದರು, ಮಲಗಿಕೊಂಡು ನೋಡಿದರು. ಒಂದು ಸಲ ಹಾಳೆಗೆ ಮೂಗು ತಾಗಿಸಿಕೊಂಡು ಎಷ್ಟು ಹೊತ್ತು ನಿಂತಿದ್ದರೆಂದರೆ ತಿಪ್ಪಮ್ಮ ಬಂದು ಮೈ ಮುಟ್ಟಿ ನೋಡಿ, "ಜ್ವರ ಇಲ್ಲ" ಅಂತ ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.

ಬೆಂಗಳೂರಿನಲ್ಲಿ ಪ್ರೊಫೆಸರ ಮೇಜಿನ ಮೇಲೆ ಜೋಡಿ ಮಸೂರದ ಒಂದು ಕನ್ನಡಕದಂಥದ್ದು ಇತ್ತು. ಅದನ್ನಿಟ್ಟು ನೋಡಿದರೆ ಯಾರಿಗಾದರೂ ಸುಲಭವಾಗಿ ಕಾಣುತ್ತದೆ ಎಂದು ಅವರು ಅಂದದ್ದು ನೆನಪಾಯಿತು. ಅಂಥದ್ದೊಂದು ಮಾಡಿಸಿಕೊಂಡು ಬರೋಣವೆಂದು ಮೇಷ್ಟ್ರು ಶನಿವಾರ ಮಧ್ಯಾಹ್ನದ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದರು. ಸಂತೆಹೊಂಡದ ಹತ್ತಿರ ಮುರುಗಪ್ಪ ಎಂಬುವರ ಕನ್ನಡಕದ ಅಂಗಡಿ ಇತ್ತು. ಮುರುಗಪ್ಪ ಹಾಳೆಯನ್ನು ನೋಡಿದರು, ಎರಡು ಮಸೂರ ಎತ್ತಿ ಕಣ್ಣಿಗೆ ಹಿಡಿದರು, "ಅರೆರೆರೆ!" ಅಂದರು.

"ಏನ್ ಸಾಹುಕಾರ್ರೇ?"

"ಎದ್ದು ಬಂತಲ್ರೀ! ಬಳ್ಳಿ ಹಬ್ಬಿದಂಗೈತೆ. ತಗೋರಿ, ನೋಡ್ರಿ."

ಕಾಟಪ್ಪ ಮಸೂರ ಹಿಡಿದರು. ಸಿಕ್ಕು ದೊಡ್ಡದಾಗಿ ಕಂಡಿತು. ಅಷ್ಟೇ.

ಮುರುಗಪ್ಪ ಅವರನ್ನು ಕುರ್ಚಿಯ ಮೇಲೆ ಕೂರಿಸಿದರು. ಒಂದು ಪೆನ್ಸಿಲು ಅವರ ಕೈಗೆ ಕೊಟ್ಟು, ಇನ್ನೊಂದು ಪೆನ್ಸಿಲನ್ನು ತಾವು ಎದುರಿಗೆ ಹಿಡಿದು, "ನಿಮ್ಮ ಪೆನ್ಸಿಲ್ ತುದಿ ತಂದು ನನ್ನ ಪೆನ್ಸಿಲ್ ತುದಿಗೆ ಮುಟ್ಟಿಸ್ರಿ" ಅಂದರು. ಕಾಟಪ್ಪನವರ ಪೆನ್ಸಿಲು ಗೌರವದಿಂದ ಸಾಗಿ ಮುರುಗಪ್ಪನವರ ಬೆರಳನ್ನು ದಾಟಿ ಅಂಗಿಯ ಗುಂಡಿಗೆ ಚುಚ್ಚಿತು. ಇನ್ನೊಮ್ಮೆ ಮಾಡಿಸಿದರೆ ತಲುಪುವ ಮುಂಚೆಯೇ ನಿಂತುಕೊಂಡಿತು. ಮುರುಗಪ್ಪ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದರು. ಬಲಗಣ್ಣು ಕೊನೆಯ ಸಾಲಿನವರೆಗೂ ಓದಿತು. ಎಡಗಣ್ಣು ಮೊದಲ ದಪ್ಪ ಅಕ್ಷರದಲ್ಲೇ ಅನುಮಾನಪಟ್ಟಿತು.

"ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡ್ರಿ," ಅಂದರು ಮುರುಗಪ್ಪ. "ನಿಮ್ಮ ಎಡಗಣ್ಣು ನೋಡಾಕೆ ಚೆನ್ನಾಗೈತೆ, ಆದ್ರೆ ಹುಟ್ಟಿದಾಗಿಂದ ಕೆಲಸ ಮಾಡಿಲ್ಲ. ಆಫೀಸಿಗೆ ಬಂದು ರುಜು ಹಾಕಿ ನಿದ್ದೆ ಮಾಡೋ ಗುಮಾಸ್ತ ಇರ್ತಾನಲ್ಲ, ಹಂಗೆ. ಎಲ್ಲಾ ಬಲಗಣ್ಣೇ ಮಾಡ್ಕಂಡು ಬಂದೈತೆ. ಎರಡು ಕಣ್ಣು ಕೂಡಿ ನೋಡಿದ್ರೇನೇ ಹತ್ರ ಯಾವ್ದು ದೂರ ಯಾವ್ದು ಅಂತ ತಿಳಿಯೋದು. ಈ ಚಿತ್ರ ನಿಮಗೆ ಈ ಜನ್ಮಕ್ಕೆ ಎದ್ದು ಬರಲ್ಲ."

"ಕನ್ನಡಕ ಹಾಕಿದ್ರೆ?"

"ಸಣ್ಣೋರಿದ್ದಾಗ ತೋರಿಸಿದ್ರೆ ಏನಾರ ಮಾಡಬಹುದಿತ್ತು. ಈಗ ಕನ್ನಡಕ ಹಾಕಿದ್ರೆ ಗುಮಾಸ್ತನಿಗೆ ಕನ್ನಡಕ ಹಾಕಿದಂಗೆ. ನಿದ್ದೆ ಚೆನ್ನಾಗಿ ಕಾಣ್ತೈತೆ."

ವಾಪಸು ಬರುವಾಗ ಬಸ್ಸಿನಲ್ಲಿ ಕಾಟಪ್ಪ ಒಂದು ಸಲ ಬಲಗಣ್ಣು ಮುಚ್ಚಿ, ಒಂದು ಸಲ ಎಡಗಣ್ಣು ಮುಚ್ಚಿ ಹೊರಗೆ ನೋಡುತ್ತಾ ಬಂದರು. ಬಲಗಣ್ಣು ಮುಚ್ಚಿದರೆ ಹೊಲ, ಬಂಡೆ, ಜನ ಎಲ್ಲ ಹೊಗೆಯಲ್ಲಿ ಕರಗುತ್ತಿತ್ತು. ಹುಟ್ಟಿದಾಗಿನಿಂದ ಇರುವ ಕಣ್ಣು, ಇದು ಹೀಗಿದೆಯೆಂದು ತಮಗೆ ಗೊತ್ತೇ ಇರಲಿಲ್ಲವಲ್ಲ! ಎದುರು ಸೀಟಿನಲ್ಲಿದ್ದ ಹೆಂಗಸೊಬ್ಬಳು ಇವರು ತನಗೇ ಕಣ್ಣು ಹೊಡೆಯುತ್ತಿದ್ದಾರೆಂದು ತಿಳಿದು ಸೆರಗು ಬಿಗಿದುಕೊಂಡು ಕಂಡಕ್ಟರನ್ನು ಕರೆದಳು. ಮೇಷ್ಟ್ರು ಎರಡೂ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಕೂತರು. ಮುಚ್ಚಿದ ಕಣ್ಣಿನೊಳಗೆ ಕವಣೆ, ಟಗರು, ಅಪ್ಪನ ಬೈಗುಳ ಎಲ್ಲ ಬಂದವು. ಬೇಸರವೂ ಆಯಿತು, ಒಂದು ಥರ ಸಮಾಧಾನವೂ ಆಯಿತು. ಗ್ಯಾನ ಇಲ್ಲದವನು ಅಂತ ಅನ್ನಿಸಿಕೊಂಡಿದ್ದೆಲ್ಲ ಸುಳ್ಳಾಯಿತಲ್ಲ.

ಮನೆಗೆ ಬಂದು ತಿಪ್ಪಮ್ಮನಿಗೆ ಹೇಳಿದರು. ಅವಳು ಅವರ ಎಡಗಣ್ಣನ್ನು ರೆಪ್ಪೆ ಅಗಲಿಸಿ ಪರೀಕ್ಷೆ ಮಾಡಿ, ಆಮೇಲೆ ಕಣ್ಣೀರು ತಂದುಕೊಂಡಳು. "ನೀರು ಚೆಲ್ಲಿದಾಗೆಲ್ಲ ಬೈದ್ನಲ್ಲಾ ನಾನು." ಆವತ್ತು ರಾತ್ರಿ ಊಟಕ್ಕೆ ಲೋಟಕ್ಕೆ ನೀರು ತಾನೇ ಬಗ್ಗಿಸಿಟ್ಟಳು. ಮೇಷ್ಟ್ರು ಲೋಟ ತೆಗೆದುಕೊಳ್ಳಲು ಹೋಗಿ ಅದನ್ನು ತಟ್ಟೆಗೆ ಉರುಳಿಸಿದರು.

ಆಗ ಮನೆಯಲ್ಲಿ ತಿಪ್ಪಮ್ಮನ ತಾಯಿ ಬರಗೇರಮ್ಮ ಇದ್ದರು. ಬಾಗೂರಿನ ಅವರ ಮನೆಯ ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಿದ್ದುದರಿಂದ ಮಗಳ ಮನೆಗೆ ಬಂದಿದ್ದರು. ಬರಗೇರಮ್ಮ ಹಳೆಯ ಕಾಲದ ನೇಮದವರು. ಅಳಿಯನ ಎದುರಿಗೆ ಬರಬಾರದು, ಅಳಿಯನ ಜೊತೆ ಮಾತಾಡಬಾರದು. ಮದುವೆಯಾಗಿ ಹನ್ನೊಂದು ವರ್ಷವಾದರೂ ಕಾಟಪ್ಪನವರು ಅತ್ತೆಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಅವರು ಕಂಡದ್ದೆಲ್ಲ ಬಾಗಿಲ ಮರೆಯಲ್ಲಿ ಒಂದು ಸೆರಗು, ಕೆಳಗೆ ಎರಡು ಪಾದ. ಏನಾದರೂ ಹೇಳಬೇಕಾದರೆ ಬರಗೇರಮ್ಮ ಮಗಳಿಗೆ ಹೇಳುತ್ತಿದ್ದರು, ಮಗಳಿಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. ಅಳಿಯನನ್ನು ಕರೆಯುತ್ತಿದ್ದುದು "ಅಳಿದೇವ್ರು" ಅಂತ.

ಭಾನುವಾರ ಮೇಷ್ಟ್ರು ಹೊರಗೆ ಜಗಲಿಯ ಮೇಲೆ ತಲೆಮೇಲೆ ಕೈಹೊತ್ತು ಕೂತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು.

"ಅಲ್ಲ ಕಣೇ ತಿಪ್ಪಿ, ಕಂಬಕ್ಕೆ ಅಂಟಿಸಿದ್ದಾರಲ್ಲ ಅಳಿದೇವ್ರು, ಕುರಿ ಕರುಳು, ಅದ್ಯಾಕೆ ಹಂಗೆ ಹೊರಕ್ಕೆ ಎದ್ದು ಬಂದೈತೆ?"

ಕಾಟಪ್ಪ ಎದ್ದುಬಿಟ್ಟರು.

ಆದದ್ದು ಇಷ್ಟು. ಮೊಮ್ಮಗಳು, ಮೇಷ್ಟ್ರ ಪುಟ್ಟ ಮಗಳು, ಊಟಕ್ಕೆ ಹಠ ಮಾಡುತ್ತಿದ್ದಳು. ಹಠ ಮಾಡುವ ಮಕ್ಕಳನ್ನು ಹೆದರಿಸಲು ಬರಗೇರಮ್ಮನಿಗೆ ಒಂದು ವಿದ್ಯೆ ಗೊತ್ತಿತ್ತು. ಎರಡೂ ಕಣ್ಣುಗುಡ್ಡೆಗಳನ್ನು ಮೂಗಿನ ಕಡೆಗೆ ತಂದು ನಿಲ್ಲಿಸಿಬಿಡುತ್ತಿದ್ದರು. ಅದನ್ನು ನೋಡಿ ಬಾಗೂರಿನ ಎಷ್ಟೋ ಮಕ್ಕಳು ಊಟ ಮಾಡಿವೆ. ಹಾಗೆ ಕಣ್ಣು ತಂದಾಗ ಎದುರಿಗೆ ಕಂಬವಿತ್ತು, ಕಂಬದಲ್ಲಿ ಹಾಳೆಯಿತ್ತು. ಎರಡು ಚಿತ್ರ ಜಾರಿಕೊಂಡು ಬಂದು ನಡುವೆ ಒಂದಾಗಿ ನಿಂತಿತು.

ಮೇಷ್ಟ್ರು ಬಾಗಿಲಾಚೆಯಿಂದಲೇ ಕೂಗಿದರು, "ತಿಪ್ಪಮ್ಮಾ, ನಿಮ್ಮವ್ವನ್ನ ಕೇಳು, ಯಾವ ಸುರುಳಿ ಮುಂದೆ ಐತೆ, ಯಾವ ಸುರುಳಿ ಹಿಂದೆ ಐತೆ?"

ತಿಪ್ಪಮ್ಮ ಒಳಗೆ ಹೋಗಿ ಕೇಳಿದಳು. ಬರಗೇರಮ್ಮ ಕಣ್ಣು ತಂದು ನೋಡಿದರು. "ಮ್ಯಾಗಳದ್ದು ನಮ್ಮ ಕಡಿಗೆ ಬಂದೈತೆ. ಅದರ ಬಾಲ ಒಳಗೆ ಹೋಗೈತೆ. ಅಳಿದೇವ್ರಿಗೆ ಹೇಳು."

ತಿಪ್ಪಮ್ಮ ಹೊರಗೆ ಬಂದು ಹೇಳಿದಳು.

ಹೀಗೆ ಕೆಲಸ ಶುರುವಾಯಿತು. ಮೇಷ್ಟ್ರು ಪೇಟೆಯಿಂದ ದಪ್ಪ ಅಲ್ಯೂಮಿನಿಯಂ ತಂತಿಯ ಒಂದು ಸುತ್ತು ತಂದರು. ಶಾಲೆ ಮುಗಿಸಿ ಬಂದು ಜಗಲಿಯ ಮೇಲೆ ತಂತಿ ಹಿಡಿದು ಕೂರುವರು. ಬರಗೇರಮ್ಮ ನಡುಮನೆಯಲ್ಲಿ ಕಂಬದ ಎದುರು ಮಣೆ ಹಾಕಿಕೊಂಡು ಕೂರುವರು. ನಡುವಿನ ಹೊಸ್ತಿಲಲ್ಲಿ ತಿಪ್ಪಮ್ಮ. ಒಳಗಿನಿಂದ ಮಾತು ಬರುವುದು, ಹೊರಗೆ ತಂತಿ ಬಾಗುವುದು. ಸುರುಳಿ ಸುತ್ತುವುದಕ್ಕೆ ಮುದ್ದೆ ತಿರುವುವ ಕೋಲನ್ನು ಮೇಷ್ಟ್ರು ತೆಗೆದುಕೊಂಡಿದ್ದರಿಂದ ಆ ದಿನಗಳಲ್ಲಿ ಮನೆಯಲ್ಲಿ ಬರೀ ರೊಟ್ಟಿ.

ಮಾತು ಹೊಸ್ತಿಲು ದಾಟುವಾಗ ಸ್ವಲ್ಪ ಬದಲಾಗುತ್ತಿತ್ತು. ಅವ್ವ "ಒಳಕ್ಕೆ ಬಗ್ಗಿ ಎಡಕ್ಕೆ ಹೊಳ್ಳೈತೆ" ಅಂದರೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ತಿಪ್ಪಮ್ಮ "ಎಡಕ್ಕೆ ಹೊಳ್ಳೈತಂತೆ" ಅಂತ ಅರ್ಧ ಹೇಳಿ ಓಡುವಳು. ಮೇಷ್ಟ್ರು ಬಗ್ಗಿಸಿದ್ದನ್ನು ಬಾಗಿಲಲ್ಲಿ ಹಿಡಿದು ತೋರಿಸಿದರೆ ಒಳಗಿನಿಂದ "ಅಯ್ಯೋ ಶಿವನೇ, ಹಿಂಗಲ್ಲ ಅಂತ ಹೇಳೇ" ಅನ್ನುವ ನಿಟ್ಟುಸಿರು.

ಬರಗೇರಮ್ಮನಿಗೆ ಇದು ಏನೆಂದು ತಿಳಿಯಬೇಕಾಯಿತು. "ಕೇಳೇ ಅಳಿದೇವ್ರನ್ನ, ಇದು ಏತರ ಕರುಳು ಅಂತ."

"ಕರುಳಲ್ಲ ಅಂತ ಹೇಳು. ಮಾಂಸದೊಳಗೆ ಇರೋ ಪದಾರ್ಥ. ಅದರಿಂದಲೇ ಮಾಂಸ ಕೆಂಪಗಿರೋದು."

"ನಾವು ಕುರಿಯೊಳಗೇ ಹುಟ್ಟಿ ಕುರಿಯೊಳಗೇ ಬೆಳೆದೋರು. ತಲೆಯಿಂದ ಕಾಲಿನ ತನಕ ಕೊಯ್ದು ನೋಡೀವಿ. ಇಂಥಾದ್ದು ಒಂದೂ ಸಿಕ್ಕಿಲ್ಲ ಅಂತ ಹೇಳು."

"ಬಹಳ ಸಣ್ಣದು, ಕಣ್ಣಿಗೆ ಕಾಣಲ್ಲ ಅಂತ ಹೇಳು."

"ಕಣ್ಣಿಗೆ ಕಾಣದೇ ಇರೋದು ನನಗ್ಯಾಕೆ ಕಾಣ್ತಾ ಐತೆ ಅಂತ ಕೇಳು."

ತಿಪ್ಪಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಯಾರಿಗೂ ಏನೂ ಹೇಳಲ್ಲ, ಏನೂ ಕೇಳಲ್ಲ. ಹಾಲು ಉಕ್ಕಿ ಹೋಯ್ತು."

ಆದರೂ ಕೆಲಸ ನಿಲ್ಲಲಿಲ್ಲ. ಒಂದು ಸಂಜೆ ಒಂದು ಸುರುಳಿ ಮುಗಿದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಂತಿಯ ಮೇಲೆ ಬೆರಳಾಡಿಸಿದರು. ಬೆರಳು ಸುತ್ತಿಕೊಂಡು ಮೇಲೆ ಹೋಯಿತು, ತಿರುಗಿತು, ಇನ್ನೊಂದು ಸುರುಳಿಯ ಹಿಂದೆ ಮರೆಯಾಗಿ ಮತ್ತೆ ಈಚೆಗೆ ಬಂತು. ಬೆಂಗಳೂರಿನಲ್ಲಿ ಎಲ್ಲರೂ "ಬಂತು ಬಂತು" ಅಂದದ್ದು ಇದೇ ಇರಬೇಕು. ಕಣ್ಣಿಗೆ ಬಾರದ್ದು ಬೆರಳಿಗೆ ಬಂದಿತ್ತು. ಮೇಷ್ಟ್ರು ಬೆರಳನ್ನು ಮತ್ತೆ ಮೊದಲಿನಿಂದ ಓಡಿಸಿದರು.

ಜಗಳವಾದದ್ದು ಆರನೆಯ ಸುರುಳಿಯಲ್ಲಿ. ಕಾಟಪ್ಪನವರಿಗೆ ಒಂದು ಅನುಮಾನ ಮೊದಲಿನಿಂದಲೂ ಕಾಡುತ್ತಿತ್ತು. ಸುರುಳಿಗಳೆಲ್ಲ ಸ್ಕ್ರೂವಿನ ಸುತ್ತಿನಂತೆ ಬಲಕ್ಕೆ ಸುತ್ತುತ್ತವೆ ಎಂದು ಪ್ರೊಫೆಸರು ಹೇಳಿದ ನೆನಪು. ಅತ್ತೆ ಹೇಳಿದಂತೆ ಸುತ್ತಿದರೆ ಎಲ್ಲ ಎಡಕ್ಕೆ ಹೋಗುತ್ತಿದ್ದವು. ಆವತ್ತು ಧೈರ್ಯ ಮಾಡಿ, "ನಿಮ್ಮವ್ವಂಗೆ ಹೇಳು, ಇದು ಬಲಕ್ಕೆ ಸುತ್ತಬೇಕು" ಅಂದರು. ತಿಪ್ಪಮ್ಮ ಹೊಸ್ತಿಲಲ್ಲಿ ಇರಲಿಲ್ಲ. ಮೇಷ್ಟ್ರು ಅದನ್ನು ನೋಡದೆ ಬಲಕ್ಕೆ ಸುತ್ತತೊಡಗಿದರು.

"ಎಡಕ್ಕಪ್ಪಾ! ಎಡಕ್ಕೆ!"

ಮೇಷ್ಟ್ರು ತಲೆಯೆತ್ತಿದರು. ಬಾಗಿಲಲ್ಲಿ ಬರಗೇರಮ್ಮ ನಿಂತಿದ್ದರು. ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿದಿತ್ತು. ಕಣ್ಣುಗುಡ್ಡೆಗಳು ಇನ್ನೂ ಮೂಗಿನ ಹತ್ತಿರವೇ ಇದ್ದವು. ಹನ್ನೊಂದು ವರ್ಷದ ನಂತರ ಅತ್ತೆಯ ಮುಖ ಪೂರ್ತಿ ಕಂಡದ್ದು ಆ ಸ್ಥಿತಿಯಲ್ಲಿ.

"ಬೆಂಗಳೂರಲ್ಲಿ ಬಲಕ್ಕೆ ಅಂತ ಹೇಳಿದ್ರು ಅತ್ತೆಮ್ಮ," ಅಂದರು ಮೇಷ್ಟ್ರು, ಬಾಯಿ ತಪ್ಪಿ.

"ಬೆಂಗಳೂರಿನೋರು ಹೇಳಿದ್ದು ದೊಡ್ಡದಾ, ನಾನು ಕಣ್ಣಾರೆ ಕಂಡಿದ್ದು ದೊಡ್ಡದಾ? ಅವರೇನು ಕುರಿ ಕಂಡಾರೇ? ಕೊಡು ಇಲ್ಲಿ ಕೋಲು!"

ಕೋಲು ಕಿತ್ತುಕೊಂಡು ಜಗಲಿಯ ಮೇಲೆ ಕೂತು ತಾವೇ ಸುತ್ತಿದರು, ಎಡಕ್ಕೆ. ಅರ್ಧ ಸುತ್ತಿದ ಮೇಲೆ ಅವರಿಗೆ ತಾವು ಎಲ್ಲಿ ಕೂತಿದ್ದೇವೆಂಬ ಅರಿವಾಯಿತು. ಕೈ ಸೆರಗಿನ ಕಡೆಗೆ ಹೋಯಿತು. ಆದರೆ ತಂತಿ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಬರಗೇರಮ್ಮ ಒಂದು ಕ್ಷಣ ಯೋಚನೆ ಮಾಡಿ ಸುತ್ತುವುದನ್ನೇ ಮುಂದುವರಿಸಿದರು. ಕೊಟ್ಟಿಗೆಯಿಂದ ಬಂದ ತಿಪ್ಪಮ್ಮ ಅವ್ವನೂ ಗಂಡನೂ ಎದುರು ಬದುರು ಕೂತು ಜಗಳವಾಡುವುದನ್ನು ನೋಡಿ ಸಗಣಿ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳು.

ಪ್ರದರ್ಶನದ ದಿನ ಬರಗೇರಮ್ಮ ತಾವೂ ಬರುತ್ತೇನೆ ಅಂದರು. "ಏಳಪ್ಪ, ಹೋಗಾಣ. ಅದು ಬಸ್ಸಿನಾಗೆ ಸೊಟ್ಟ ಆದ್ರೆ ನಿನಗೆ ತಿಳಿಯಾಕಿಲ್ಲ." ನೀರಿನ ಕೊಡದಷ್ಟು ದೊಡ್ಡ ಪ್ರೋಟೀನನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ನಡುವೆ ಕಟ್ಟಿದ್ದ ಹೀಮ್ ಬಿಲ್ಲೆ ಪೌಡರು ಡಬ್ಬಿಯ ತಗಡಿನದು. ಕೆಂಪು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹತ್ತಿರ ಕೂತಿದ್ದ ಮುದುಕನೊಬ್ಬ ಬಹಳ ಹೊತ್ತು ನೋಡಿ, "ಮೊಲ ಹಿಡಿಯಾಕಾ ತಾಯಿ?" ಅಂದ.

"ಅಲ್ಲ. ಕುರಿ ಒಳಗಿಂದು."

"ಏನಾಗಿತ್ತು ಕುರಿಗೆ?"

"ಏನೂ ಆಗಿಲ್ಲ. ಎಲ್ಲಾ ಕುರಿಯೊಳಗೂ ಇರ್ತೈತೆ. ನಿನ್ನೊಳಗೂ ಐತೆ."

ಮುದುಕ ಎದ್ದು ಹಿಂದಿನ ಸೀಟಿಗೆ ಹೋದ.

ಚಿತ್ರದುರ್ಗದಲ್ಲಿ ಒಂದು ಸಭಾಂಗಣದ ತುಂಬ ಮೇಜು. ಓಬಯ್ಯನವರು ಹೇಳಿದ ಹಾಗೆಯೇ ಜ್ವಾಲಾಮುಖಿಗಳು ಸಾಲಾಗಿ ಹೊಗೆ ಬಿಡುತ್ತಿದ್ದವು. ತೀರ್ಪು ಕೊಡಲು ಬೆಂಗಳೂರಿನಿಂದ ಬಂದವರು ಬೇರೆ ಯಾರೂ ಅಲ್ಲ, ಪ್ರೊಫೆಸರ್ ಶಿವಕುಮಾರಪ್ಪನವರೇ. ಕಾಟಪ್ಪನವರ ಮೇಜಿನ ಮುಂದೆ ಬಂದು ನಿಂತು ಮುಖ ಅರಳಿಸಿದರು. "ಏನ್ರೀ ಕಾಟಪ್ಪ! ಮಯೋಗ್ಲೋಬಿನ್! ಅಳತೆ ಎಷ್ಟು ಚೆನ್ನಾಗಿ ಬಂದಿದೆ!" ಆಮೇಲೆ ಬಗ್ಗಿ ನೋಡಿದರು. ಇನ್ನೊಂದು ಕಡೆಯಿಂದ ಬಂದು ಬಗ್ಗಿದರು. ಬೆರಳನ್ನು ಗಾಳಿಯಲ್ಲಿ ಸ್ಕ್ರೂ ತಿರುವಿದ ಹಾಗೆ ತಿರುವಿದರು. ನಗು ಬರುವುದನ್ನು ತಡೆದುಕೊಂಡ ಹಾಗಿತ್ತು.

"ಎಲ್ಲಾ ಸರಿಯಾಗಿದೆ. ಆದರೆ ಎಲ್ಲಾ ತಿರುಗುಮುರುಗಾಗಿದೆ. ಇಂಥ ಮಯೋಗ್ಲೋಬಿನ್ ಈ ಭೂಮಿಯ ಮೇಲೆ ಯಾವ ಪ್ರಾಣಿಗೂ ಇಲ್ಲ."

ಕಾಟಪ್ಪನವರಿಗೆ ಅರ್ಥವಾಯಿತು. ತಮ್ಮ ನೆನಪೇ ಸರಿ, ಅತ್ತೆಯದು ತಪ್ಪು. ಅತ್ತೆ ಪಕ್ಕದಲ್ಲೇ ನಿಂತಿದ್ದರು, ಊರಿನಿಂದ ಉಟ್ಟುಕೊಂಡು ಬಂದ ಹೊಸ ಸೀರೆಯ ಮಡಿಕೆ ಕೂಡ ಇನ್ನೂ ಮಾಸಿರಲಿಲ್ಲ. ಮೇಷ್ಟ್ರು, "ನಂದೇ ತಪ್ಪು ಸಾರ್, ನಾನು ಸರಿಯಾಗಿ ನೋಡಲಿಲ್ಲ" ಅಂದರು.

"ಸುಳ್ಳು ಹೇಳಬ್ಯಾಡಪ್ಪ," ಅಂದರು ಬರಗೇರಮ್ಮ. ಆಮೇಲೆ ಪ್ರೊಫೆಸರ ಕಡೆ ತಿರುಗಿ, "ಅವನಿಗೆ ಕಾಣಲ್ಲ ಸ್ವಾಮಿ, ಒಂದು ಕಣ್ಣು ಮಲಗೈತೆ. ನೋಡಿದ್ದು ನಾನು, ಹೇಳಿದ್ದು ನಾನು. ಅವನು ಬಲಕ್ಕೆ ಅಂದ, ನಾನೇ ಕೋಲು ಕಿತ್ಕಂಡೆ."

ಪ್ರೊಫೆಸರಿಗೆ ಕುತೂಹಲವಾಯಿತು. "ಹೇಗೆ ನೋಡಿದ್ರಿ ತಾಯಿ?"

ಬರಗೇರಮ್ಮ ಕಣ್ಣು ತಂದು ತೋರಿಸಿದರು. ಪ್ರೊಫೆಸರು ಒಂದು ಹೆಜ್ಜೆ ಹಿಂದಕ್ಕೆ ಹೋದರು, ಆಮೇಲೆ ತೊಡೆ ತಟ್ಟಿ ನಕ್ಕರು.

"ಸಿಕ್ಕಿತು! ತಾಯಿ, ಎಡಗಡೆ ಚಿತ್ರ ಎಡಗಣ್ಣು ನೋಡಬೇಕು, ಬಲಗಡೆಯದು ಬಲಗಣ್ಣು. ನೀವು ಕಣ್ಣು ಅಡ್ಡ ಹಾಯಿಸಿದ್ದೀರಿ. ಎಡಗಣ್ಣು ಬಲದ್ದು ನೋಡಿತು, ಬಲಗಣ್ಣು ಎಡದ್ದು ನೋಡಿತು. ಅದಕ್ಕೇ ಹಿಂದಿದ್ದದ್ದು ಮುಂದೆ ಬಂತು, ಮುಂದಿದ್ದದ್ದು ಹಿಂದೆ ಹೋಯಿತು. ನೀವು ಕಂಡದ್ದು ನಿಜವೇ, ಆದರೆ ಕನ್ನಡಿಯೊಳಗಿನ ಮಯೋಗ್ಲೋಬಿನ್."

"ಅಂದ್ರೆ ಕನ್ನಡಿ ಹಿಡಿದ್ರೆ ಸರಿಹೋಗ್ತೈತಾ?" ಅಂದರು ಬರಗೇರಮ್ಮ.

ಪ್ರೊಫೆಸರು ಇನ್ನೊಮ್ಮೆ ಬಗ್ಗಿ ಸುರುಳಿಗಳನ್ನು ನೋಡಿದರು. "ಹೋಗುತ್ತೆ," ಅಂದರು.

ಕಾಟಪ್ಪ ಎದುರು ರಸ್ತೆಯ ಕ್ಷೌರದ ಅಂಗಡಿಗೆ ಓಡಿದರು. ಅಂಗಡಿಯವನು ಮೊದಲು ಒಪ್ಪಲಿಲ್ಲ. ಅರ್ಧ ಕ್ಷೌರವಾದ ಗಿರಾಕಿ ಕುರ್ಚಿಯಲ್ಲಿದ್ದ. ಕೊನೆಗೆ ಗಿರಾಕಿಯೇ, "ಕೊಡಪ್ಪ, ಮೇಷ್ಟ್ರು ಕೇಳ್ತಾ ಅವರೆ. ನನ್ನ ಮುಖ ನಾನು ನೋಡದಿದ್ರೆ ಏನೀಗ" ಅಂದ. ಆಳೆತ್ತರದ ಕನ್ನಡಿ ಬಂದು ಮೇಜಿನ ಹಿಂದೆ ನಿಂತಿತು. ಅದರೊಳಗೆ ಸುರುಳಿಗಳೆಲ್ಲ ಬಲಕ್ಕೆ ಸುತ್ತಿಕೊಂಡು ಶಿಸ್ತಾಗಿ ಕೂತವು.

ಆಮೇಲೆ ಆ ಮೇಜಿನ ಮುಂದೆ ಜನ ಸೇರಿದ್ದೇ ಸೇರಿದ್ದು. ಜ್ವಾಲಾಮುಖಿಗಳ ಮುಂದೆ ನೊಣ ಕೂಡ ಇಲ್ಲ. ಬಂದವರಲ್ಲಿ ಹೆಚ್ಚಿನವರು ತಲೆ ಬಾಚಿಕೊಳ್ಳಲು ಬಂದವರು ಎಂಬುದು ಬೇರೆ ಮಾತು. ಆದರೆ ಬಾಚಣಿಗೆ ಹಿಡಿದವರನ್ನೆಲ್ಲ ಬರಗೇರಮ್ಮ ತಡೆದು, "ನಿನ್ನ ತಲೆ ಆಮ್ಯಾಕೆ, ಮೊದಲು ಸುರುಳಿ ಎಣಿಸು" ಅನ್ನುತ್ತಿದ್ದರು. ಮಧ್ಯಾಹ್ನ ಓಬಯ್ಯನವರು ಬಂದು ಗುಂಪು ನೋಡಿ, "ನಾನು ಹೇಳಿರಲಿಲ್ವಾ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಬಹುಮಾನ ಹೊಸದುರ್ಗದ ಮೇಷ್ಟ್ರೊಬ್ಬರ ಗಾಳಿಯಂತ್ರಕ್ಕೆ ಹೋಯಿತು. ಹೊರಡುವ ಮುಂಚೆ ಪ್ರೊಫೆಸರು ಬರಗೇರಮ್ಮನನ್ನು ಅಳಿಯನ ಜೊತೆ ಹೊರಗೆ ಕರೆದುಕೊಂಡು ಹೋಗಿ ಕೋಟೆಯ ಬೆಟ್ಟ ತೋರಿಸಿ, "ಅಲ್ಲಿ ಮೇಲೆ ಕುರಿ ಮೇಯ್ತಾ ಇದೆ ಅಂದುಕೊಳ್ಳಿ, ಎಣಿಸ್ತಾ ಇರಿ" ಅಂದರು. ಬರಗೇರಮ್ಮ ಬೆಟ್ಟದ ಮೇಲೆ ದೃಷ್ಟಿ ನೆಟ್ಟಾಗ ಪ್ರೊಫೆಸರು ಮೆಲ್ಲಗೆ ಹಾಳೆಯನ್ನು ಅವರ ಕಣ್ಣ ಮುಂದೆ ಹಿಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬರಗೇರಮ್ಮ ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಕಾಟಪ್ಪಾ! ಒಳಗಿದ್ದದ್ದು ಹೊರಗೆ ಬಂತು ಕಣೋ! ನೀ ಹೇಳಿದ್ದೇ ಖರೆ, ಬಲಕ್ಕೇ ಐತೆ!"

ಮೊದಲ ಮಯೋಗ್ಲೋಬಿನ್ನನ್ನು ಪ್ರೊಫೆಸರು ಕೇಳಿ ಬೆಂಗಳೂರಿಗೆ ತೆಗೆದುಕೊಂಡು ಹೋದರು. ಕಣ್ಣು ಅಡ್ಡ ಹಾಯಿಸಿದರೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಅದಕ್ಕಿಂತ ಚೆನ್ನಾದದ್ದು ಸಿಗುವುದಿಲ್ಲ ಅಂದರು. ಎರಡನೆಯದನ್ನು ಅತ್ತೆ ಅಳಿಯ ಕೂಡಿ ಮಾಡಿದರು. ಬಾಗೂರಿನ ಮಾಳಿಗೆ ಕೆಲಸ ಮುಗಿದು ಮಗ ಎರಡು ಸಲ ಕರೆಯಲು ಬಂದರೂ ಅದು ಮುಗಿಯುವ ತನಕ ಬರಗೇರಮ್ಮ ಹೊರಡಲಿಲ್ಲ. ತಿಪ್ಪಮ್ಮ ಅಣ್ಣನ ಹತ್ತಿರ ದೂರು ಹೇಳಿದಳು: "ಮಾತಾಡಲ್ಲ ಅಂತ ಇದ್ದಾಗಲೇ ಚೆನ್ನಾಗಿತ್ತು. ಈಗ ಇಬ್ಬರೂ ಬಾಯಿ ಮುಚ್ಚಲ್ಲ. ನನ್ನ ಮಾತು ಕೇಳೋರೇ ಇಲ್ಲ ಈ ಮನೆಯಾಗೆ."

ಮಾರನೆಯ ವರ್ಷ ದೀಪಾವಳಿಗೆ ಕಾಟಪ್ಪನವರು ಬಾಗೂರಿಗೆ ಹೋದರು. ಮಾಂಸದ ಊಟ. ನೆಂಟರಿಷ್ಟರೆಲ್ಲ ಸಾಲಾಗಿ ಕೂತಿದ್ದರು. ಬರಗೇರಮ್ಮ ಸಾರಿನ ಪಾತ್ರೆ ಹಿಡಿದುಕೊಂಡು ಎಲ್ಲರ ನಡುವೆ ಬಡಿಸುತ್ತಾ ಬಂದರು. ಸೌಟಿನಲ್ಲಿ ಒಂದು ತುಂಡು ಎತ್ತಿ ಹಿಡಿದು, "ಇದರೊಳಗೆ ಏನೈತೆ ಗೊತ್ತಾ? ಎಂಟು ಸುರುಳಿ. ಎಲ್ಲಾ ಬಲಕ್ಕೇ ತಿರುಗಿರ್ತವೆ. ನಡುವೆ ಒಂದು ಬಿಲ್ಲೆ. ಹೂಂ, ತಿನ್ರಿ" ಎಂದು ತಟ್ಟೆಗೆ ಹಾಕಿದರು.

ದೂರದ ನೆಂಟ ಯತ್ತಪ್ಪ ಕೈಯಲ್ಲಿದ್ದ ತುತ್ತನ್ನು ತಿರುಗಿಸಿ ನೋಡಿದ. ಆಮೇಲೆ ಅನುಮಾನದಿಂದ ಕಾಟಪ್ಪನವರ ಕಡೆ ತಿರುಗಿ, "ಹೌದೇನ್ರಿ ಮೇಷ್ಟ್ರೇ?" ಅಂದ.

ಮೇ‌ಷ್ಟ್ರು ಬಾಯಲ್ಲಿದ್ದದ್ದನ್ನು ನುಂಗಿ ಹೇಳುವಷ್ಟರಲ್ಲಿ ಬರಗೇರಮ್ಮ ಸೌಟನ್ನು ಪಾತ್ರೆಗೆ ಬಡಿದರು.

"ಅವನನ್ನೇನು ಕೇಳ್ತೀಯೋ? ಅವನಿಗೆ ಕಾಣಲ್ಲ."

ಕಾಟಪ್ಪ ಹೌದೆಂದು ತಲೆಯಾಡಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.